ಸಿ3 ಕಡಿಮೆ ಬಂದಿದೆ, ದಾಳಿಂಬೆ ತಿನ್ನು!

ತಂಗಿಗೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಮೇಲೇ ತಿರುಗಿಬೀಳುವ ಕಾಯಿಲೆ) ಶುರುವಾಗಿ ಆರು ವರ್ಷ. ಹೋದ ವಾರದ ರಕ್ತದ ರಿಪೋರ್ಟಿನಲ್ಲಿ ಸಿ3, ಅಂದರೆ ‘ಕಾಂಪ್ಲಿಮೆಂಟ್’ ಅನ್ನುವ ರಕ್ಷಣಾ ಪ್ರೋಟೀನುಗಳಲ್ಲಿ ಒಂದು, 48. ಆ ಲ್ಯಾಬಿನ ಲೆಕ್ಕದಲ್ಲಿ ಕನಿಷ್ಠ 90 ಇರಬೇಕು. ಅದೇ ಗುಂಪಿನ ಸಿ4 ಬರೀ 6. ಎರಡರ ಪಕ್ಕದಲ್ಲೂ ದಪ್ಪಕ್ಷರದಲ್ಲಿ ‘ಲೋ’.

ಸೋದರತ್ತೆ ಕನ್ನಡಕ ಏರಿಸಿಕೊಂಡು ಓದಿದರು. "ಕಮ್ಮಿ ಇದ್ಯಲ್ಲೇ! ದಾಳಿಂಬೆ ತಿನ್ನು. ಅಮೃತಬಳ್ಳಿ ಕಷಾಯ ಕುಡಿ, ಇಮ್ಯುನಿಟಿ ಜಾಸ್ತಿ ಆಗುತ್ತೆ." ಪ್ರೀತಿಯಿಂದಲೇ ಅಂದಿದ್ದು. ಆದರೂ ನನಗೆ ಮೈ ಉರಿಯಿತು.

ಹಿಮೋಗ್ಲೋಬಿನ್ ಕಡಿಮೆಯಾದಾಗ ಹೇಳುವ ಮಾತು ಇಲ್ಲಿ ನಡೆಯಲ್ಲ. ಕಾಂಪ್ಲಿಮೆಂಟ್ ಅಂದರೆ ರಕ್ತದಲ್ಲಿ ಓಡಾಡಿಕೊಂಡಿರುವ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳು. ಬಹುಪಾಲು ಲಿವರ್‌ನಲ್ಲಿ ತಯಾರಾಗುತ್ತವೆ. ಒಂದಕ್ಕೆ ಕಿಡಿ ತಾಕಿದರೆ ಸರಪಟಾಕಿ ಹಾಗೆ ಮುಂದಿನದಕ್ಕೂ ಹತ್ತಿಕೊಳ್ಳುತ್ತದೆ. ಸಿ3 ಒಡೆದು ಎರಡಾಗುತ್ತದೆ. ದೊಡ್ಡ ತುಂಡು ಬ್ಯಾಕ್ಟೀರಿಯಾ ಮೈಗೆ ಅಂಟಿಕೊಂಡು ‘ಇವನೇ, ನುಂಗಿ’ ಅಂತ ಬಿಳಿ ರಕ್ತಕಣಗಳಿಗೆ ತೋರಿಸುತ್ತದೆ. ಚಿಕ್ಕದು ಉರಿಯೂತ ಎಬ್ಬಿಸುತ್ತದೆ.

ಲೂಪಸ್‌ನಲ್ಲಿ ದೇಹ ತನ್ನದೇ ಡಿಎನ್‌ಎ ಮೇಲೆ ಆಂಟಿಬಾಡಿ ಮಾಡಿಕೊಳ್ಳುತ್ತದೆ. ಎರಡೂ ಸೇರಿ ಗಂಟಾಗಿ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಪಟಾಕಿ ಅಲ್ಲೇ ಸಿಡಿಯುತ್ತದೆ. ತಂಗಿಯ ಸಿ3 ಕಡಿಮೆ ಬಂದಿದ್ದು ಹೀಗೆ: ತಯಾರಾಗದೆ ಅಲ್ಲ, ಉರಿದು ಖರ್ಚಾಗಿ. ಅಷ್ಟರಲ್ಲಿ ಅವಳ ಕಾಲು ಊದಿತ್ತು. ಮೂತ್ರದಲ್ಲಿ ಸೋಪಿನ ಪುಡಿ ಕಲಸಿದಂಥ ನೊರೆ, ನೀರು ಹಾಕಿದರೂ ಹೋಗದು. ಮೊದಲೇ ಹದ್ದು ಮೀರಿದ ಇಮ್ಯುನಿಟಿಯನ್ನು ಇನ್ನೂ ಏರಿಸುವ ಕಷಾಯ ಯಾಕೆ ಬೇಕು, ಹೇಳಿ?

ಹಾಗಾದರೆ ಕಾಂಪ್ಲಿಮೆಂಟೇ ಇಲ್ಲದಿದ್ದರೆ ಒಳ್ಳೆಯದಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಓದಿ ತಲೆ ತಿರುಗಿತು. ಸರಪಳಿಯ ಮೊದಲ ಕೊಂಡಿ ಸಿ1ಕ್ಯೂ. ಹುಟ್ಟಿನಿಂದಲೇ ಅದಿಲ್ಲದವರು ತುಂಬಾ ಅಪರೂಪ. ಅವರಲ್ಲಿ ಹೆಚ್ಚಿನವರಿಗೆ ಲೂಪಸ್ಸೇ ಬರುತ್ತದೆ! 1998ರಲ್ಲಿ ಇಲಿಗಳಲ್ಲಿ ಸಿ1ಕ್ಯೂ ಜೀನ್ ತೆಗೆದಾಗ ಕೆಲವುಗಳ ಕಿಡ್ನಿ ಕೆಟ್ಟಿತು, ಸತ್ತ ಕೋಶಗಳು ಅಲ್ಲೇ ಗುಡ್ಡೆ ಬಿದ್ದಿದ್ದವು. ಸತ್ತ ಕೋಶಗಳ ಕಸ ಎತ್ತಿಸುವುದೂ ಸಿ1ಕ್ಯೂ ಕೆಲಸವೇ. ಕಸ ಕೊಳೆತರೆ ಒಳಗಿನ ಡಿಎನ್‌ಎ ಹೊರಗೆ ಬಿದ್ದು, ದೇಹ ಅದನ್ನೇ ಶತ್ರು ಅಂದುಕೊಳ್ಳುತ್ತದೆ. ಗುಡಿಸುವವರೂ ಇವರೇ, ಬೆಂಕಿ ಹಚ್ಚುವವರೂ ಇವರೇ.

ಪೂರ್ತಿ ಕಟ್ಟಿಹಾಕುವುದೂ ಸುಲಭವಲ್ಲ. ಇದೇ ಸರಪಳಿಯ ಸಿ5 ತಡೆಯುವ ಎಕುಲಿಜುಮ್ಯಾಬ್ ಅನ್ನುವ ಔಷಧ 2007ರಿಂದ ಬೇರೆ ಕೆಲವು ಕಾಯಿಲೆಗಳಿಗೆ ಬಳಕೆಯಲ್ಲಿದೆ. ಅದನ್ನು ಶುರುಮಾಡುವ ಮೊದಲು ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಲಸಿಕೆ ಹಾಕಿಸಬೇಕು. ಕಾವಲು ಸಡಿಲವಾಗುತ್ತದಲ್ವಾ!

ಲ್ಯಾಬಿನವರು ‘ಲೋ’ ಪಕ್ಕದಲ್ಲಿ ‘ಖರ್ಚಾಗಿರಬಹುದು, ಡಾಕ್ಟರಿಗೆ ತೋರಿಸಿ’ ಅಂತ ಒಂದು ಸಾಲು ಹಾಕಿದರೆ ಏನು ಕಷ್ಟ?

ಡಾಕ್ಟರ್ ಸ್ಟೀರಾಯ್ಡ್ ಏರಿಸಿದ್ದಾರೆ. ದಾಳಿಂಬೆಗೆ ಅವರ ಅಡ್ಡಿಯಿಲ್ಲ, ನಾನೇ ಬಿಡಿಸಿಕೊಟ್ಟೆ. ಕಷಾಯದ ಬಾಟಲಿ ಮಾತ್ರ ಬೀರುವಿನ ಮೇಲೆ ಕೂತಿದೆ. ಅತ್ತೆ ಕೇಳಿದಾಗಲೆಲ್ಲ ತಂಗಿ ‘ಕುಡೀತಿದೀನಿ ಅತ್ತೆ’ ಅನ್ನುತ್ತಾಳೆ.