'ಕೃಷಿ' ಎಂದು ಹುಡುಕಿದರೆ ಸೊನ್ನೆ

ಕಳೆದ ವಾರ ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ, ಅಲ್ಲಿಯವರು ಕಾಫಿ ಕೊಟ್ಟಿದ್ದಾರೆ. ಪುಸ್ತಕ ಹುಡುಕಲೆಂದು ಬಾಗಿಲ ಬಳಿ ಇಟ್ಟ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ 'ಕೃಷಿ' ಎಂದು ಟೈಪು ಮಾಡಿದೆ. ಫಲಿತಾಂಶ ಸೊನ್ನೆ. ಹತ್ತು ಹೆಜ್ಜೆ ಆಚೆಯ ಕಪಾಟಿನಲ್ಲಿ ಕೃಷಿ ಪುಸ್ತಕಗಳು ಎರಡು ಸಾಲು ತುಂಬಿ ನಿಂತಿದ್ದವು.

"ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಸಾರ್" ಎಂದರು ಸಹಾಯಕರು. ಹಾಕಿದೆ. ಋಕಾರಕ್ಕೆ 'ಆರ್ ಐ' ಎಂದರೆ ಕೆಲವು ಪುಸ್ತಕ, 'ಆರ್ ಯು' ಎಂದರೆ ಬೇರೆಯೇ ಕೆಲವು. ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ತುಂಬಲು ಬಂದ ಗುತ್ತಿಗೆಯ ಹುಡುಗರು ಪುಸ್ತಕಕ್ಕಿಷ್ಟು ಎಂಬ ಲೆಕ್ಕದಲ್ಲಿ ಕೂತು, ಒಬ್ಬೊಬ್ಬರ ಬಾಯಿಗೆ ಬಂದಂತೆ ಕನ್ನಡವನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಹೋಗಿದ್ದಾರೆ. 'ಓದುಗರ ಸಮಯ ಉಳಿಸಿ' ಎಂದು 1931ರಲ್ಲೇ ಸೂತ್ರ ಬರೆದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯ ವಿಜ್ಞಾನಕ್ಕೆಂದು 1962ರಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನೆ-ತರಬೇತಿ ಕೇಂದ್ರ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ನನ್ನ ಅರ್ಧ ಗಂಟೆ ಈ ಹುಡುಕಾಟದಲ್ಲೇ ಹೋಯಿತು.

ತಂತ್ರಾಂಶವನ್ನು ಬೈಯಬೇಡಿ. ಅಲ್ಲಿರುವುದು ಕೋಹಾ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬಲ್ಲಿಯ ಗ್ರಂಥಾಲಯದವರು, 2000ನೇ ಇಸವಿ ಹುಟ್ಟಿದರೆ ತಮ್ಮ ಹಳೆಯ ವ್ಯವಸ್ಥೆ ಕೈಕೊಡುತ್ತದೆ ಎಂದು ಹೆದರಿ ಮಾಡಿಸಿಕೊಂಡದ್ದು, ಆಮೇಲೆ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಯೂನಿಕೋಡ್ ಕನ್ನಡವನ್ನು ಅದು ತಕರಾರಿಲ್ಲದೆ ನುಂಗುತ್ತದೆ. ಪುಸ್ತಕದ ವಿವರ ದಾಖಲಿಸಲು ಗ್ರಂಥಾಲಯಗಳು ಬಳಸುವ ಮಾರ್ಕ್ 21 ನಮೂನೆಯಲ್ಲಿ ಶೀರ್ಷಿಕೆಗೆ 245ನೇ ಕ್ಷೇತ್ರವಿದೆ. ಅದನ್ನೇ ಇನ್ನೊಂದು ಲಿಪಿಯಲ್ಲೂ ಬರೆಯಲು 880 ಇದೆ. ಕನ್ನಡವೂ ಇರಲಿ, ರೋಮನ್ ಲಿಪ್ಯಂತರವೂ ಇರಲಿ, ಯಾರು ಬೇಡ ಎಂದರು?

ಲೇಖಕರ ಹೆಸರಿನ ಕಥೆ ಇನ್ನೂ ಚೆಂದ. ಕುವೆಂಪು ಒಂದು ಕಡೆ, ಕೆ.ವಿ. ಪುಟ್ಟಪ್ಪ ಇನ್ನೊಂದು ಕಡೆ. ಬೇಂದ್ರೆ ಬೇರೆ, ಅಂಬಿಕಾತನಯದತ್ತ ಬೇರೆ. ಎರಡೂ ಒಬ್ಬರೇ ಎಂದು ಯಂತ್ರಕ್ಕೆ ಹೇಳಿಕೊಡಲು ಪ್ರತ್ಯೇಕ ದಾಖಲೆಯ ಏರ್ಪಾಡಿದೆ. ಆದರೆ ಹೇಳಿಕೊಡುವವರಿಗೆ ಮೊದಲು ಕನ್ನಡ ಸಾಹಿತ್ಯ ಗೊತ್ತಿರಬೇಕಲ್ಲ!

ಕಂಪ್ಯೂಟರಿಗೆ ಮೊದಲು ಪುಸ್ತಕದ ವಿವರ ಬರೆದು ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಹಳೆಯ ಕಾರ್ಡುಗಳಿಗಾಗಿ ನಾನು ಅಳುವವನಲ್ಲ. ಒಂದು ಕಾರ್ಡು ಕಳೆದರೆ ಪುಸ್ತಕವೇ ಕಳೆದಂತೆ ಆಗುತ್ತಿತ್ತು. ಪುಸ್ತಕ ಹೊರಗೆ ಹೋಗಿದೆಯೋ ಒಳಗಿದೆಯೋ ಎಂದು ಕಾರ್ಡು ಹೇಳುತ್ತಿರಲಿಲ್ಲ. ಈಗ ಮರಳುವ ತಾರೀಖಿನ ಸಮೇತ ಪರದೆಯ ಮೇಲೆ ಬರುತ್ತದೆ. ಅಷ್ಟಕ್ಕೇ ಈ ಖರ್ಚು ಸಾರ್ಥಕ ಎನ್ನುತ್ತೇನೆ.

ಹೊರಡುವಾಗ ಮೆಟ್ಟಿಲ ಕೆಳಗೆ ಆ ಮರದ ಪೆಟ್ಟಿಗೆ ಕಂಡಿತು. ಒಂದು ಖಾನೆ ಎಳೆದೆ. ಹಿತ್ತಾಳೆಯ ಸರಳಿಗೆ ಪೋಣಿಸಿದ ಕಾರ್ಡುಗಳು, ಅಂಚು ಬೆರಳಿನ ಎಣ್ಣೆಗೆ ಕಪ್ಪಾಗಿತ್ತು. ಪ್ರತಿಯೊಂದರಲ್ಲೂ ಹೆಸರು, ವಿಷಯ, ಲೇಖಕರ ಕಾವ್ಯನಾಮ ಎಲ್ಲವೂ ದುಂಡಗಿನ ಕನ್ನಡದಲ್ಲಿ. ಇದನ್ನು ನೋಡಿ ನಕಲು ಮಾಡಿದ್ದರೂ ಸಾಕಿತ್ತು.

ಸಹಾಯಕರಿಗೆ ಹಾಗೆಯೇ ಹೇಳಿದೆ. ಅವರು ಖಾನೆಯನ್ನು ಮೆಲ್ಲಗೆ ಒಳಗೆ ತಳ್ಳಿ, "ಆ ಟೆಂಡರ್ ಮುಗಿದುಹೋಯಿತು ಸಾರ್" ಎಂದರು.