ಭಾನುವಾರದ ಒತ್ತುವರಿ

ನನ್ನ ನಾದಿನಿ ಪಾಠ ಹೇಳುವ ಎಂಜಿನಿಯರಿಂಗ್ ಕಾಲೇಜಿಗೆ ಜರ್ಮನಿಯಿಂದ ಒಂದಷ್ಟು ವಿದ್ಯಾರ್ಥಿಗಳು ಅಧ್ಯಯನ ಪ್ರವಾಸಕ್ಕೆ ಬಂದಿದ್ದರು. ವಿಷಯ, ಬೆಂಗಳೂರಿನ ನೀರು. ಅವರಲ್ಲಿ ಇಬ್ಬರು ಹುಡುಗಿಯರು ಬಸವನಗುಡಿಯ ನಮ್ಮ ಮನೆಯ ಮಹಡಿ ರೂಮು ಸೇರಿಕೊಂಡರು. ಬಾಯಿ ತಿರುಗದ ಅವರ ಹೆಸರುಗಳನ್ನು ನಮ್ಮತ್ತೆ ಮೊದಲ ದಿನವೇ ಕೈಬಿಟ್ಟು, ಉದ್ದಕ್ಕಿದ್ದವಳನ್ನು ದೊಡ್ಡಮ್ಮಿ, ಕನ್ನಡಕದವಳನ್ನು ಚಿಕ್ಕಮ್ಮಿ ಎಂದು ಕರೆದುಬಿಟ್ಟರು. ಅವರೂ "ಬಂದೆ ಅಜ್ಜಿ" ಅಂತ ಓಗೊಡತೊಡಗಿದರು.

ಅವರ ವೇಳಾಪಟ್ಟಿ ನಮ್ಮ ಫ್ರಿಡ್ಜಿನ ಬಾಗಿಲ ಮೇಲೆ ಅಂಟಿತ್ತು. ಸೋಮವಾರ ಬೆಳ್ಳಂದೂರು ಕೆರೆ, ಮಂಗಳವಾರ ವೃಷಭಾವತಿ, ಬುಧವಾರ ಹೆಬ್ಬಾಳ, ಹೀಗೆ. ಭಾನುವಾರದ ಚೌಕ ಮಾತ್ರ ಖಾಲಿ. ನಮ್ಮೂರಲ್ಲಿ ಅದು ಖಾಲಿ ಸೈಟು ಇದ್ದ ಹಾಗೆ. ಬೇಲಿ ಹಾಕದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಯಾರೋ ಶೆಡ್ ಎಬ್ಬಿಸಿರುತ್ತಾರೆ. ಶನಿವಾರ ರಾತ್ರಿಯ ಊಟದೊಳಗೆ ನಮ್ಮವರು ಲಾಲ್‌ಬಾಗ್ ಹಾಕಿದರು, ಅತ್ತೆ ದೊಡ್ಡ ಬಸವಣ್ಣನ ಗುಡಿ ಹಾಕಿದರು, ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದಲೇ ಸಂಜೆ ಐದರ ಅರಿಶಿನ ಕುಂಕುಮ ಹಾಕಿದರು.

ಹುಡುಗಿಯರಿಗೆ ಬೇಕಿದ್ದದ್ದು ಎರಡೇ. ಹೊತ್ತೇರುವ ತನಕ ನಿದ್ದೆ, ಆಮೇಲೆ ವಾರದ ಬಟ್ಟೆ ಒಗೆಯುವುದು. ಬೀದಿ ಕೊನೆಯ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ದಯೆಯಿಂದ ಅವರಿಗೆ ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ. "ಆರು ಗಂಟೆಗೆ ರೆಡಿ ಇರಿ, ಆಮೇಲೆ ಬಿಸಿಲು ಬಂದುಬಿಡುತ್ತೆ" ಎಂದು ನಮ್ಮವರು ಹೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಪಾಪ, ಬೇಡ ಅನ್ನುವುದು ಮರ್ಯಾದೆಯಲ್ಲ ಎಂದು ಅವರಿಗೆ ಯಾರು ಕಲಿಸಿದ್ದರೋ!

ಲಾಲ್‌ಬಾಗಿನಲ್ಲಿ ನಮ್ಮವರು ಸಾಕ್ಷಾತ್ ಗೈಡ್. ಹೈದರಾಲಿ 1760ರಲ್ಲಿ ಶುರು ಮಾಡಿದ್ದು, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು, ಒಟ್ಟು 240 ಎಕರೆ. ಎಲ್ಲ ಸರಿಯಾಗಿಯೇ ಹೇಳುತ್ತಾ ಬಂದರು. ಬಂಡೆ ಹತ್ತಿ, ಕೆಂಪೇಗೌಡರ ಗೋಪುರಕ್ಕೆ ಒರಗಿ ನಿಂತು, ಏದುಸಿರಲ್ಲೇ "ಈ ಬಂಡೆ ಇದೆಯಲ್ಲಾ, ಮೂರು ಸಾವಿರ ವರ್ಷ ಹಳೇದು!" ಅಂದರು. ಚಿಕ್ಕಮ್ಮಿ ಬಹಳ ನಯವಾಗಿ, "ಅಂಕಲ್, ಮುನ್ನೂರು ಕೋಟಿ ವರ್ಷ ಅಂತ ಓದಿದ್ದೇವೆ" ಅಂದಳು. ನಮ್ಮವರು ಒಂದು ಕ್ಷಣವೂ ತಡವರಿಸಲಿಲ್ಲ. "ಅದೇ. ಸೊನ್ನೆ ಸ್ವಲ್ಪ ಕಡಿಮೆ ಹೇಳಿದೆ." ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಈ ಮಾತಾಡಿದ್ದನ್ನು ನಾನು ಎಲ್ಲಿಯೂ ಹೇಳಲು ಹೋಗಿಲ್ಲ.

ಅಲ್ಲಿಂದ ಗಾಂಧಿ ಬಜಾರಿಗೆ. ಅಷ್ಟು ಹತ್ತಿರಕ್ಕೆ ಯಾವ ಆಟೋದವನೂ ಬರುವುದಿಲ್ಲ. ನಮ್ಮವರು ನಾಲ್ಕೈದು ಆಟೋಗಳಿಗೆ ಕೈ ಅಡ್ಡ ಹಾಕಿ ಬೈಸಿಕೊಂಡ ಮೇಲೆ ದೊಡ್ಡಮ್ಮಿ ಮುಂದೆ ಬಂದು "ಅಣ್ಣಾ, ಗಾಂಧಿ ಬಜಾರ್ ಬರ್ತೀರಾ? ಮೀಟರ್ ಹಾಕಿ" ಅಂದಳು. ಆತ ಹಲ್ಲು ಬಿಟ್ಟು, ಮೀಟರ್ ಹಾಕಿ, ಇಳಿಯುವಾಗ ಚಿಲ್ಲರೆಯನ್ನೂ ಎಣಿಸಿ ಕೊಟ್ಟ. ಇದೇ ಊರಲ್ಲಿ ಹುಟ್ಟಿ ಬೆಳೆದ ನಮ್ಮವರು ಆ ಚಿಲ್ಲರೆಯನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು.

ದೋಸೆಯ ವಿಷಯ ಬಿಡಿ, ಅದು ಯಾರಿಗೂ ಅನ್ಯಾಯ ಮಾಡುವುದಿಲ್ಲ. ಕಾಫಿಯಲ್ಲಿ ಎಡವಟ್ಟಾಯಿತು. ನಮ್ಮವರು ಅಭ್ಯಾಸಬಲದಿಂದ "ಎರಡು ಬೈಟು" ಅಂದರು. ನಾಲ್ಕು ಲೋಟಗಳಲ್ಲಿ ಅರ್ಧರ್ಧ ಕಾಫಿ ಬಂತು. ಹುಡುಗಿಯರು ತಮ್ಮ ಲೋಟ ನೋಡಿ, ನಮ್ಮ ಲೋಟ ನೋಡಿ, ಏನೋ ಪಿಸುಗುಟ್ಟಿಕೊಂಡರು. ಬಿಲ್ ಬಂದ ಕೂಡಲೇ ದೊಡ್ಡಮ್ಮಿ ಅದನ್ನು ಕಿತ್ತುಕೊಂಡು ತಾನೇ ದುಡ್ಡು ಕೊಟ್ಟಳು. ನಮ್ಮ ಪಿಂಚಣಿಯ ಬಗ್ಗೆ ಅವರು ಏನಂದುಕೊಂಡರೋ, ಈಗ ಪತ್ರ ಬರೆದು ಕೇಳುವುದು ಹೇಗೆ?

ಗುಡಿಗೆ ಅತ್ತೆ ನೇರವಾಗಿ ಬಂದು ಕಾದಿದ್ದರು. ಕಡಲೆಕಾಯಿ ಹೊಲ ಮೇಯುತ್ತಿದ್ದ ಬಸವ ಕಲ್ಲಾದ ಕಥೆ, ಕಾರ್ತಿಕದ ಪರಿಷೆ ಎಲ್ಲ ಮುಗಿಸಿ, "ಈ ಬಸವಣ್ಣನ ಪಾದದಲ್ಲೇ ವೃಷಭಾವತಿ ಹುಟ್ಟೋದು" ಎಂದು ಕೈಮುಗಿದರು. ಹುಡುಗಿಯರೂ ಕೈಮುಗಿದರು. ಮಂಗಳವಾರವಿಡೀ ಇಬ್ಬರೂ ಗಮ್‌ಬೂಟು ತೊಟ್ಟು ಅದೇ ನದಿಯ ಕಪ್ಪು ನೀರನ್ನು ಬಾಟಲಿಗೆ ತುಂಬಿಸಿಕೊಂಡು ಬಂದಿದ್ದರು. ಆ ಬಾಟಲಿಗಳು ನಮ್ಮ ಬಾಲ್ಕನಿಯಲ್ಲೇ ಇದ್ದವು. ಅತ್ತೆಗೆ ನಾನು ಅದನ್ನು ಹೇಳಿಲ್ಲ. ಹೇಳಿದ್ದರೆ ಒಂದು ಉದ್ಧರಣೆ ತೀರ್ಥ ತೆಗೆದುಕೊಳ್ಳುತ್ತಿದ್ದರು.

ಮನೆಗೆ ಬಂದಾಗ ಹನ್ನೊಂದು. ಅವತ್ತು ಕಾವೇರಿ ನೀರು ಬಿಡುವ ದಿನ. ನಮ್ಮವರು ಗೇಟಿನ ಪಕ್ಕದ ಸಂಪಿನ ಮುಚ್ಚಳ ಎತ್ತಿ, ಟಾರ್ಚು ಬಿಟ್ಟು ಇಣುಕಿದರು. ಮಹಡಿ ಮೆಟ್ಟಿಲು ಹತ್ತುತ್ತಿದ್ದ ಚಿಕ್ಕಮ್ಮಿ ಹಾಗೇ ನಿಂತಳು. "ಇದು ಏನು?" ಬೆಳಗಿನಿಂದ ಗಾಜಿನ ಮನೆಗೂ ಬಸವಣ್ಣನಿಗೂ ಅರಳದ ಆ ಕಣ್ಣು ನಮ್ಮ ಸಂಪಿಗೆ ಅರಳಿತು! ಇಬ್ಬರೂ ನೆಲಕ್ಕೆ ಮಂಡಿಯೂರಿ ತಲೆ ಒಳಗೆ ಹಾಕಿದರು. ಒಳಗೋಡೆಯ ಮೇಲೆ ಮಾವನವರು ಎಂದೋ ಬಣ್ಣದಲ್ಲಿ ಬರೆದ ಅಡಿಗುರುತುಗಳಿವೆ. ಮೂರರ ಅಂಕಿ ಪಾಚಿಯಲ್ಲಿ ಅರ್ಧ ಅಳಿಸಿದೆ. ದೊಡ್ಡಮ್ಮಿ ಅದರ ಫೋಟೊ ತೆಗೆದಳು. ಚಿಕ್ಕಮ್ಮಿ ನೋಟ್‌ಬುಕ್ಕು ತಂದಳು. ಎಷ್ಟು ಲೀಟರ್ ಹಿಡಿಸುತ್ತೆ, ಎಷ್ಟು ದಿನಕ್ಕೊಮ್ಮೆ ನೀರು, ಮೋಟಾರ್ ಎಷ್ಟು ಹೊತ್ತು?

ಆಮೇಲೆ ಅವರೇ ನಮಗೆ ಪಾಠ ಶುರು ಮಾಡಿದರು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಂತ ಹಂತವಾಗಿ ಹೆಚ್ಚುಕಡಿಮೆ ಐನೂರು ಮೀಟರ್ ಮೇಲಕ್ಕೆ ಪಂಪ್ ಮಾಡಿ ತಂದ ನೀರು ಇದು. ದೊಡ್ಡ ನದಿ ಇಲ್ಲದ ದಿಣ್ಣೆಯ ಮೇಲಿನ ಊರು, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲು, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಾಗಿ ಹೋದ ಧರ್ಮಾಂಬುಧಿ, ಕಂಠೀರವ ಕ್ರೀಡಾಂಗಣವಾಗಿ ಹೋದ ಸಂಪಂಗಿ ಕೆರೆ. ನಮ್ಮವರು ತಲೆ ಅಲ್ಲಾಡಿಸುತ್ತಾ ಎಷ್ಟು ಮೈಮರೆತರೆಂದರೆ, ಅಷ್ಟು ದೂರದಿಂದ ಬಂದ ಆ ಕಾವೇರಿ ನಮ್ಮ ಮೇಲಿನ ಟ್ಯಾಂಕು ತುಂಬಿ, ಸಜ್ಜೆಯಿಂದ ಧಾರೆಯಾಗಿ ಅವರ ತಲೆಯ ಮೇಲೇ ಬಿತ್ತು. "ಮೋಟಾರ್ ಆಫ್ ಮಾಡ್ರೀ!" ಅಂತ ನಾನು ಕೂಗಿದೆ. ಚಿಕ್ಕಮ್ಮಿ ಅದನ್ನೂ ಬರೆದುಕೊಂಡಳು.

ಅಂತೂ ಬಟ್ಟೆ ಒಗೆದು ಟೆರೇಸಿನಲ್ಲಿ ಹರವಿದಾಗ ಮಧ್ಯಾಹ್ನ ಎರಡು. ತೊಟ್ಟಿದ್ದನ್ನೂ ಬಿಡದೆ ಒಗೆದಿದ್ದರು. ಮೈಮೇಲೆ ನನ್ನ ನೈಟಿಗಳು. ಬಿಸಿಬೇಳೆ ಬಾತ್ ತಿಂದು ಮಲಗಿದ್ದೇ ತಡ, ನಾಲ್ಕಕ್ಕೆ ಮಳೆ. ಸೆಪ್ಟೆಂಬರಿನ ಮಳೆ, ಕೇಳಬೇಕೆ? ನಾವೆಲ್ಲ ಟೆರೇಸಿಗೆ ಓಡುವಷ್ಟರಲ್ಲಿ ಜೀನ್ಸುಗಳಿಂದ ನೀರು ಸುರಿಯುತ್ತಿತ್ತು. ಐದಕ್ಕೆ ಸರಿಯಾಗಿ ಪಕ್ಕದ ಮನೆಯಿಂದ ಕರೆ. ದೊಡ್ಡಮ್ಮಿಯ ನೈಟಿ ಮೊಣಕಾಲಿಗಿಂತ ತುಸು ಕೆಳಗೆ ನಿಂತಿತ್ತು. ಅತ್ತೆ ಬೀರು ತೆಗೆದು, ತಮ್ಮ ಎರಡು ರೇಷ್ಮೆ ಸೀರೆ ಹೊರತೆಗೆದು, ಸೊಂಟಕ್ಕೆ ಆರಾರು ಪಿನ್ನು ಹಾಕಿ ಉಡಿಸಿದರು. ಅಲ್ಲಿ ನೆರೆದ ಹೆಂಗಸರು ಅವರನ್ನು ಹಾಡು ಹೇಳಿಸದೆ ಬಿಡಲಿಲ್ಲ. ತಾಂಬೂಲ, ತೆಂಗಿನಕಾಯಿ, ರವಿಕೆ ಕಣ ಹಿಡಿದು ವಾಪಸ್ಸು ಬಂದಾಗ ಎಂಟೂವರೆ. ಪೆಂಡಾಲಿನಲ್ಲಿ ಕೀಬೋರ್ಡ್ ಪರೀಕ್ಷೆ ನಡೆದಿತ್ತು.

ಸೋಮವಾರ ಹತ್ತೂವರೆಗೆ ನಾದಿನಿಯ ಫೋನು. "ಅತ್ತಿಗೆ, ಏನಾಗಿದೆ ಈ ಹುಡುಗೀರಿಗೆ? ನೀರಿನ ಒತ್ತಡದ ಬಗ್ಗೆ ಲೆಕ್ಚರ್ ನಡೀತಿದೆ, ಇಬ್ಬರೂ ಮುಂದಿನ ಬೆಂಚಲ್ಲೇ ಗೊರಕೆ."

ನಾನು ಫೋನು ನಮ್ಮವರ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು. "ಓದು ಜಾಸ್ತಿ ಮಾಡಿಸ್ತೀರಮ್ಮಾ ನೀವು. ಮುಂದಿನ ಭಾನುವಾರವೂ ರಜಾ ತಾನೇ? ನಂದಿಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ. ಬೆಳಿಗ್ಗೆ ನಾಲ್ಕಕ್ಕೆ ಹೊರಟರಾಯ್ತು."