ನಡಿಗೆಯ ದೂರ ಹೆಚ್ಚಾದರೆ ಡುಶೆನ್ ವಾಸಿಯಾಗಿದೆ ಎಂದಲ್ಲ

ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಕ್ರಮೇಣ ಹಾಳಾಗುತ್ತಾ ಹೋಗುವ ಆನುವಂಶಿಕ ಕಾಯಿಲೆ) ಇರುವ ಮಗು ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಹೋದ ಸಲಕ್ಕಿಂತ ಜಾಸ್ತಿ ದೂರ ನಡೆದರೆ ಸ್ನಾಯು ಸರಿಹೋಗಿದೆ, ಕಾಯಿಲೆಯನ್ನು ನಿಧಾನಗೊಳಿಸಲು ಕೊಡುವ ಸ್ಟಿರಾಯ್ಡ್ ಔಷಧಿ ನಿಲ್ಲಿಸಬಹುದು ಎನ್ನುವ ಮೆಸೇಜ್ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಸುಮಾರು 7 ವರ್ಷದವರೆಗೆ ಈ ಮಕ್ಕಳೂ ಬೆಳೆಯುತ್ತಾ ಹೊಸದನ್ನು ಕಲಿಯುತ್ತಾರೆ. ಕಾಲು ಉದ್ದವಾಗುತ್ತದೆ, ಹೆಜ್ಜೆ ದೊಡ್ಡದಾಗುತ್ತದೆ, ಹೇಳಿದ್ದು ಚೆನ್ನಾಗಿ ಅರ್ಥವಾಗುತ್ತದೆ. ಹಾಗಾಗಿ ಒಳಗೆ ಸ್ನಾಯು ಹಾಳಾಗುತ್ತಿದ್ದರೂ ದೂರ ಹೆಚ್ಚಬಹುದು. ಸ್ಟಿರಾಯ್ಡ್‌ನಿಂದಲೇ ಆ ಸುಧಾರಣೆ ಬಂದಿರಬಹುದು, ಅದನ್ನೇ ನಿಲ್ಲಿಸಿ ಅಂದರೆ ಹೇಗೆ?

ಮಗು ಹೇಗೆ ಚಲಿಸುತ್ತದೆ ಎನ್ನುವುದನ್ನೂ ನೋಡಬೇಕು. ನಡೆಯುವ ಮಕ್ಕಳಿಗೆಂದೇ ನಾರ್ತ್ ಸ್ಟಾರ್ ಎಂಬ ಪರೀಕ್ಷೆಯಿದೆ. ಕುರ್ಚಿಯಿಂದ ಏಳುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿಳಿಯುವುದು, ಹಿಮ್ಮಡಿಯ ಮೇಲೆ ನಿಲ್ಲುವುದು, ಜಿಗಿಯುವುದು, ಹೀಗೆ 17 ಕೆಲಸ. ಸಹಜವಾಗಿ ಮಾಡಿದರೆ 2, ಬೇರೆ ದಾರಿ ಹುಡುಕಿಕೊಂಡು ಯಾರ ಸಹಾಯವೂ ಇಲ್ಲದೆ ಮಾಡಿದರೆ 1, ಆಗದಿದ್ದರೆ 0. ಒಟ್ಟು 34. ತೊಡೆಗೆ ಕೈ ಊರಿಕೊಂಡು ನೆಲದಿಂದ ಏಳುವ ಮಗುವಿಗೆ ಅಲ್ಲಿ 1 ಸಿಗುತ್ತದೆ. ನಡೆದ ದೂರವಷ್ಟನ್ನೇ ಅಳೆದರೆ ಈ ವಿಷಯ ಗೊತ್ತೇ ಆಗುವುದಿಲ್ಲ. ನೆಲದಿಂದ ಏಳಲು ಮತ್ತು 10 ಮೀಟರ್ ಓಡಲು ಎಷ್ಟು ಸೆಕೆಂಡ್ ಬೇಕಾಯಿತು ಎಂದೂ ಬರೆದಿಡುತ್ತಾರೆ.

ಸುಸ್ತು, ಜ್ವರ, ಸುಮ್ನೆ ಮನಸ್ಸಿಲ್ಲದಿರುವುದು ಕೂಡ ಅಂಕ ಇಳಿಸಬಹುದು. ಅದಕ್ಕೇ ಒಂದು ದಿನದ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಪರೀಕ್ಷಿಸಿ ಹೋಲಿಸುತ್ತಾರೆ.

ದಯವಿಟ್ಟು ಸ್ಟಿರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡ ದೇಹ ತನಗೆ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ಬಿಟ್ಟರೆ ಮಗುವಿನ ಜೀವಕ್ಕೇ ಅಪಾಯವಾಗಬಹುದು.